ಬಾಯಿಪಾಠದ ಆಮೆ

ಸಬೀರಾಳ ಪಾಠವನ್ನು ಹಾಳು ಮಾಡಿದವಳು ನಾನು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಡುವ ತಾಪತ್ರಯ ಬೇಡ.

ಅದು ೧೯೮೫. ಆರ್.ಟಿ. ನಗರದಲ್ಲಿದ್ದ ನಮ್ಮ ಶಿಕ್ಷಕರ ತರಬೇತಿ ಸಂಸ್ಥೆಗೆ ಆ ವರ್ಷ ಒಂದು ಕಂಪ್ಯೂಟರ್ ಬಂದಿತ್ತು. ನಲವತ್ತು ಜನ ಟಿ.ಸಿ.ಎಚ್. ವಿದ್ಯಾರ್ಥಿಗಳಿಗೆ ಒಂದೇ ಯಂತ್ರ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದುಕೊಂಡು ಒಳಗೆ ಹೋಗಬೇಕಿತ್ತು. ತೆರೆಯ ಮೇಲೆ ಒಂದು ಪುಟ್ಟ ತ್ರಿಕೋನ, ಅದಕ್ಕೆ ಆಮೆ ಎಂದು ಹೆಸರು. ಮುಂದೆ ಇಷ್ಟು ಹೋಗು, ಬಲಕ್ಕೆ ತಿರುಗು ಎಂದು ಸಾಲಾಗಿ ಬರೆದುಕೊಟ್ಟರೆ ಆಮೆ ಬರೆದಷ್ಟನ್ನೇ ಮಾಡುತ್ತಿತ್ತು. ನಮ್ಮ ಮನಸ್ಸಿನಲ್ಲಿ ಏನಿತ್ತು ಎಂಬುದು ಅದಕ್ಕೆ ಬೇಕಿರಲಿಲ್ಲ. ನನಗೆ ಮೊದಲ ದಿನವೇ ಅದರ ಮೇಲೆ ಸಿಟ್ಟು ಬಂತು. ನನ್ನ ಗೆಳತಿ ಸಬೀರಾ ಮಾತ್ರ ಮರುಳಾದಳು. ಇದನ್ನು ಪುಟ್ಟ ಮಕ್ಕಳಿಗೆ ಕಲಿಸಲೇಬೇಕು ಎಂದು ಹಟ ಹಿಡಿದಳು.

ನಮ್ಮ ಉಪನ್ಯಾಸಕರಾದ ರಾಮಕೃಷ್ಣಪ್ಪನವರು ಒಪ್ಪಲಿಲ್ಲ. "ಪ್ರೈಮರಿ ಮಕ್ಕಳಿಗೆ ಬಾಯಿಪಾಠ ಬರತ್ತೆ, ಯೋಚನೆ ಬರಲ್ಲ. ಮೆಷಿನ್ನ ಹೈಸ್ಕೂಲಿಗೆ ಕೊಡೋಣ" ಎಂದರು. ಸಬೀರಾ ಹದಿನೈದು ದಿನ ಅವರ ಬೆನ್ನು ಬಿಡಲಿಲ್ಲ. ಕೊನೆಗೆ ಅವರು ಒಂದು ಅವಕಾಶ ಕೊಟ್ಟರು. ಯಲಹಂಕದ ಶಾಲೆಯಲ್ಲಿ ಮೂರನೇ ತರಗತಿಗೆ ಅವಳು ವಿಮರ್ಶಾ ಪಾಠ ಮಾಡಬೇಕು. ಮಕ್ಕಳು ಸ್ವಂತವಾಗಿ ಮಾಡಿ ತೋರಿಸಿದರೆ ಯಂತ್ರ ಪ್ರೈಮರಿಗೆ, ಇಲ್ಲದಿದ್ದರೆ ಹೈಸ್ಕೂಲಿಗೆ.

ವಿಮರ್ಶಾ ಪಾಠವೆಂದರೆ ಒಬ್ಬರು ಪಾಠ ಮಾಡುವುದು, ಉಳಿದ ಮೂವತ್ತೊಂಬತ್ತು ಜನ ಹಿಂದೆ ಕೂತು ತಪ್ಪು ಬರೆದುಕೊಳ್ಳುವುದು. ಪಾಠ ಮುಗಿದ ಮೇಲೆ ಅವನ್ನು ಒಬ್ಬೊಬ್ಬರಾಗಿ ಎದ್ದು ಓದುವುದು. ಹೀಗಾಗಿ ನಮ್ಮಲ್ಲಿ ಒಂದು ಒಳರೂಢಿ ಬೆಳೆದಿತ್ತು. ಹಿಂದಿನ ದಿನವೇ ಹೋಗಿ ಮಕ್ಕಳಿಗೆ ಉತ್ತರ ಕಲಿಸಿ ಬರುತ್ತಿದ್ದೆವು. ನಾನೂ ಹಾಗೆಯೇ ಮಾಡಿ ಐವತ್ತಕ್ಕೆ ನಲವತ್ತೆರಡು ಅಂಕ ತೆಗೆದುಕೊಂಡಿದ್ದೆ. ಸಬೀರಾ ಹಾಗೆ ಮಾಡುವವಳಲ್ಲ. ಅವಳು ಸೋಲುವುದನ್ನು ನೋಡಲಾರದೆ, ಅವಳಿಗೆ ಹೇಳದೆ, ಅವಳ ಪಾಠಯೋಜನೆ ನೋಡಿಕೊಂಡು ನಾನೇ ಹೋಗಿ ಕಲಿಸಿ ಬಂದೆ.

ಮರುದಿನ ಅವಳು ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಗಳನ್ನು ಎಳೆದಳು. ಕಪ್ಪುಹಲಗೆಯ ಹತ್ತಿರ ಒಬ್ಬ ಹುಡುಗಿಯನ್ನು ಮಕ್ಕಳ ಕಡೆ ಮುಖ ಮಾಡಿ ನಿಲ್ಲಿಸಿದಳು. ಅವಳೇ ಆಮೆ. ದೂರದ ಒಂದು ಚೌಕದಲ್ಲಿ ಡಸ್ಟರ್ ಇಟ್ಟಳು.

"ಆಮೆ ಡಸ್ಟರ್ ಹತ್ರ ಹೋಗ್ಬೇಕು. ಏನೇನು ಮಾಡ್ಬೇಕು ಅಂತ ಮೊದ್ಲು ಪೂರ್ತಿ ಬರ್ಯೋಣ. ಬರೆದಾದ್ಮೇಲೇನೆ ಆಮೆ ನಡೆಯೋದು. ಮೊದಲನೇ ಸಾಲು ಏನು?"

ಐವತ್ತು ಬಾಯಿ ಒಟ್ಟಿಗೆ ತೆರೆದವು. "ಮುಂದೆ ಮೂರು. ಎಡಕ್ಕೆ ತಿರುಗು. ಮುಂದೆ ಎರಡು."

ಸಬೀರಾ ಹಲಗೆಯ ಮೇಲೆ ಬರೆದಳು. ಆಮೆ ನಡೆಯಿತು, ಡಸ್ಟರ್ ಸಿಕ್ಕಿತು. ರಾಮಕೃಷ್ಣಪ್ಪನವರ ಹುಬ್ಬು ಮೇಲೇರಿತು. ನಾನು ಒಳಗೊಳಗೇ ಹಿಗ್ಗಿದೆ.

ಸಬೀರಾ ಸೀಮೆಸುಣ್ಣ ಕೆಳಗಿಟ್ಟು ಮಕ್ಕಳನ್ನು ನೋಡಿದಳು, ಆಮೇಲೆ ನೇರ ನನ್ನನ್ನು ನೋಡಿದಳು. ಪಾಠ ಅಲ್ಲಿಗೆ ನಿಲ್ಲಿಸಿದ್ದರೆ ಗೆದ್ದಿದ್ದಳು. ಅವಳು ಹೋಗಿ ಡಸ್ಟರನ್ನು ಎತ್ತಿ ಇನ್ನೊಂದು ಬದಿಯ ಚೌಕದಲ್ಲಿಟ್ಟಳು.

"ಈಗ?"

"ಮುಂದೆ ಮೂರು. ಎಡಕ್ಕೆ ತಿರುಗು. ಮುಂದೆ ಎರಡು" ಎಂದವು ಅದೇ ಐವತ್ತು ಬಾಯಿ. ಆಮೆ ಹೋಗಿ ಖಾಲಿ ಚೌಕದಲ್ಲಿ ನಿಂತಿತು. ನನಗೆ ಸಬೀರಾಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಅಳಿಸಿ ಬರೆದರು, ತಪ್ಪಿತು. ಮತ್ತೆ ಬರೆದರು, ಮತ್ತೆ ತಪ್ಪಿತು. ಡಸ್ಟರ್ ತಮ್ಮ ಎಡಕ್ಕಿದೆಯೆಂದು ಮಕ್ಕಳು 'ಎಡಕ್ಕೆ' ಎಂಬುದನ್ನು ಮುಟ್ಟದೆ ಬರೀ ಸಂಖ್ಯೆ ಬದಲಿಸುತ್ತಿದ್ದರು. ಆಮೆ ಪ್ರತಿ ಸಲವೂ ಡಸ್ಟರ್‌ನಿಂದ ದೂರ ನಡೆದು ಕಿಟಕಿಯ ಕಡೆ ಹೋಗುತ್ತಿತ್ತು. ಬೆಂಚಿನ ಮೇಲೆ ಹತ್ತಿದರು, ಕೂಗಾಡಿದರು. ಸಬೀರಾ ಉತ್ತರ ಹೇಳಲಿಲ್ಲ. "ಆಮೆ ನಿಂತ ಜಾಗದಿಂದ ನೋಡಿ" ಎಂದಷ್ಟೇ ಅಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಹಲಗೆಯ ಕಡೆ ತಿರುಗಿ ತಿರುಗಿ ನೋಡುತ್ತಲೇ ಉಪ್ಪಿಟ್ಟಿಗೆ ಹೋದರು.

ತಪ್ಪುಗಳ ಸರದಿ ಬಂತು. ಪಾಠ ಮುಗಿಯಲಿಲ್ಲ. ಗದ್ದಲವಾಯಿತು. ನಿರೀಕ್ಷಿತ ಉತ್ತರ ಬರಲಿಲ್ಲ. ಬಾಗಲೂರಿನ ಬ್ಯಾಟರಾಯಪ್ಪ ಎದ್ದು, "ಮಕ್ಳು ಮೊದ್ಲು ಸರಿಯಾಗೇ ಏಳಿದ್ರು ಸಾರ್. ಟೀಚರೇ ಇಂಗೆ ಕೆಡಿಸಿಬಿಟ್ರು" ಎಂದ.

"ಯಾಕೆ ಕೆಡಿಸಿದ್ರಿ?" ಎಂದು ರಾಮಕೃಷ್ಣಪ್ಪನವರು ಕೇಳಿದರು.

"ಮೊದಲನೇದು ಅವರ ಯೋಚನೆ ಆಗಿರ್ಲಿಲ್ಲ ಸಾರ್."

"ನಿಮಗೆ ಹೇಗೆ ಗೊತ್ತು?"

ಸಬೀರಾ ಬಾಯಿ ಬಿಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅವಳು ಹೆಸರು ಹೇಳಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಹೇಳದೆ ನಿಂತಳಲ್ಲ, ಅದು ನನ್ನನ್ನು ಕೂರಗೊಡಲಿಲ್ಲ.

"ನಿನ್ನೆ ಬಂದು ಬಾಯಿಪಾಠ ಮಾಡಿಸ್ದೋಳು ನಾನು ಸಾರ್. ಅವಳಿಗೆ ಗೊತ್ತಿರ್ಲಿಲ್ಲ."

"ವೆಂಕಟಲಕ್ಷ್ಮಮ್ಮ, ನಿಮ್ಮ ಪಾಠಕ್ಕೆ ನಲವತ್ತೆರಡು ಕೊಟ್ಟಿದ್ದೆ."

"ಅದೂ ಹಾಗೇ ಸಾರ್."

ಹಿಂದಿನ ಬೆಂಚುಗಳಲ್ಲಿ ಎಲ್ಲರೂ ತಲೆ ತಗ್ಗಿಸಿ ನೋಟ್‌ಬುಕ್ ನೋಡತೊಡಗಿದರು. ರಾಮಕೃಷ್ಣಪ್ಪನವರು ಎಲ್ಲರನ್ನೂ ಒಂದು ಸಲ ನೋಡಿದರು. "ಸರಿ. ಹಲಗೆ ಮೇಲಿರೋದ್ರಲ್ಲಿ ತಪ್ಪು ಎಲ್ಲಿದೆ? ಇಷ್ಟು ಹೊತ್ತು ಬರ್ಕೊಂಡ್ರಲ್ಲ, ಯಾರಾದ್ರೂ ಹೇಳಿ."

ಬ್ಯಾಟರಾಯಪ್ಪ ಒಬ್ಬನೇ ಎದ್ದು, "ಎಷ್ಟು ಎಜ್ಜೆ ಅನ್ನೋದು ತಪ್ಪಾಗೈತೆ ಸಾರ್" ಎಂದ.

"ಹೋಗಿ, ಯಾವುದಾದ್ರೂ ಒಂದು ಮಗೂನ ಕರ್ಕೊಂಡು ಬನ್ನಿ."

ಅವನು ಉಪ್ಪಿಟ್ಟಿನ ಸಾಲಿನಿಂದ ಜೈನಾಬ್ ಎಂಬ ಹುಡುಗಿಯನ್ನು ತಟ್ಟೆಸಮೇತ ಕರೆತಂದ. ಪ್ರಶ್ನೆ ಕೇಳುವ ಮೊದಲೇ ಅವಳು ಆಮೆಯ ಚೌಕಕ್ಕೆ ಹೋಗಿ ನಮ್ಮ ಕಡೆ ಮುಖ ಮಾಡಿ ನಿಂತಳು. ಡಸ್ಟರ್ ನೋಡಿದಳು. ಒಂದು ಕೈ ಎತ್ತಿದಳು, ಇಳಿಸಿದಳು, ಇನ್ನೊಂದು ಕೈ ಎತ್ತಿದಳು. ಹಲಗೆಯ ಹತ್ತಿರ ಹೋಗಿ 'ಎಡಕ್ಕೆ' ಎಂಬುದನ್ನು ಅಂಗೈಯಿಂದ ಒರೆಸಿ 'ಬಲಕ್ಕೆ' ಎಂದು ಬರೆದಳು. ಆಮೇಲೆ, "ಸಾರ್, ಉಪ್ಪಿಟ್ಟು ಖಾಲಿಯಾಗೋಗತ್ತೆ" ಎಂದಳು.

ರಾಮಕೃಷ್ಣಪ್ಪನವರು ಅವಳನ್ನು ಉಪ್ಪಿಟ್ಟಿಗೆ ಕಳಿಸಿದರು. "ಸಬೀರಾ, ಸೋಮವಾರ ಈ ಕ್ಲಾಸನ್ನ ಮೆಷಿನ್ ಹತ್ರ ಕರ್ಕೊಂಡು ಬನ್ನಿ" ಎಂದರು. ನನ್ನ ನಲವತ್ತೆರಡನ್ನು ಹೊಡೆದುಹಾಕಿ, ಮಂಗಳವಾರ ಹೊಸದಾಗಿ ಪಾಠ ಮಾಡಲು ಹೇಳಿದರು.

ವಾಪಸ್ ಬರುವಾಗ ಬಸ್ ಹೆಬ್ಬಾಳ ದಾಟುವವರೆಗೂ ಸಬೀರಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನೇ, "ನಿನಗೆ ಒಳ್ಳೇದಾಗ್ಲಿ ಅಂತ ಮಾಡ್ದೆ ಕಣೇ" ಎಂದೆ.

"ಗೊತ್ತು" ಎಂದಳು. "ಮಂಗಳವಾರ ಮಕ್ಕಳಿಗೆ ಏನೂ ಹೇಳ್ಕೊಡ್ಬೇಡ. ನಾನು ಮುಂದಿನ ಬೆಂಚಲ್ಲೇ ಕೂತ್ಕೊಂಡು ನಿನ್ನ ಒಂದೊಂದು ತಪ್ಪನ್ನೂ ಬರೀತೀನಿ."