ಕತ್ರಿಗುಪ್ಪೆಯ ಬೇಟೆನುಸಿ

ಎರಡು ವರ್ಷದಿಂದ ಕತ್ರಿಗುಪ್ಪೆಯ ಬದನೆ ಹೊಲಗಳಲ್ಲಿ ಸೆರಗು ಸಿಕ್ಕಿಸಿಕೊಂಡು ಎಲೆ ಮಗುಚಿ ನೋಡಿದವಳು ಕಾತ್ಯಾಯಿನಿ. ಎಲೆಯ ರಸ ಹೀರುವ ನುಸಿ ಯಾವುದು, ಆ ನುಸಿಯನ್ನೇ ಹಿಡಿದು ತಿನ್ನುವ ಬೇಟೆನುಸಿ ಯಾವುದು ಎಂದು ವಿಂಗಡಿಸಿ ಸ್ಲೈಡುಗಳ ಮೇಲೆ ಕೂರಿಸಿದವಳೂ ಅವಳೇ. ಗಂಡ ಸೇತುರಾಮ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು, ಪಂಚೆಗೆ ಕೆಸರು ತಾಗೀತೆಂದು ಹೊಲದ ಬದುವಿನ ಆಚೆಗೇ ನಿಂತವನು. ಭಾಷಣಗಳಲ್ಲಿ ಮಾತ್ರ ಅದು ‘ನನ್ನ ಸಮೀಕ್ಷೆ’. ಮನೆಗೆ ಬಂದವರೆದುರು, “ಇವಳಿಗೂ ಹೊತ್ತು ಹೋಗ್ಬೇಕಲ್ಲ, ಎಲೆ ಆಯ್ಕೊಂಡ್ ಬರ್ತಾಳೆ” ಎನ್ನುತ್ತಿದ್ದ. ಕಾತ್ಯಾಯಿನಿಗೆ ಈಗೀಗ ಸಿಟ್ಟೂ ಬರುತ್ತಿರಲಿಲ್ಲ. ಹಳಸಿದ ಸಾರಿನ ಮುಚ್ಚಳ ತೆಗೆದವಳಂತೆ ಒಳಗೊಳಗೇ ಮೂಗು ಮುರಿಯುತ್ತಿದ್ದಳು.

ಆ ಭಾನುವಾರ ಜಯನಗರದ ಅವರ ಮನೆಗೆ ಸಂಗ್ರಹಾಲಯದ ಗುರುಶಾಂತಪ್ಪನವರು ಸ್ಲೈಡುಗಳನ್ನು ಒಯ್ಯಲು ಬಂದರು. ಅವುಗಳ ಮೇಲೆ ಯಾರ ಹೆಸರು ಕೂತರೆ ಆ ಕೆಲಸ ಎಂದೆಂದಿಗೂ ಅವರದು. ಸೇತುರಾಮ ಇನ್ನೂ ಬಚ್ಚಲಲ್ಲಿದ್ದ. ಬಂದವರನ್ನು ಕಾಯಿಸುವುದೇ ದೊಡ್ಡಸ್ತಿಕೆ ಎಂದುಕೊಂಡವನು.

ಗುರುಶಾಂತಪ್ಪ ಪೆನ್ನು ಬಿಚ್ಚಿದರು. “ಗುರುತಿಸಿದವರು ಅಂತ ಹಾಕ್ಬೇಕಮ್ಮ. ಯಜಮಾನ್ರ ಪೂರ್ತಿ ಹೆಸರು ಹೇಳಿ.”

ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ಸತ್ಯಭಾಮಾ ಕಿವಿಗೊಟ್ಟು ನಿಂತಿದ್ದರು. ಸೊಸೆಯ ಬಾಯಲ್ಲಿ ಗಂಡನ ಹೆಸರು ಬಂದರೆ ಅವನ ಆಯಸ್ಸು ಕುಂದುತ್ತದೆಂದು ಮದುವೆಯ ಮರುದಿನವೇ ಕಟ್ಟಪ್ಪಣೆ ಮಾಡಿದ್ದವರು.

“ಅವರ ಹೆಸರು ನಾನು ಹೇಳೋ ಹಾಗಿಲ್ಲ ಸಾರ್. ಹೇಳಬಹುದಾದ ಹೆಸರು ಒಂದೇ. ಕಾತ್ಯಾಯಿನಿ ಅಂತ ಬರ್ಕೊಳಿ.”

ಮೊದಲ ಮಾತಿಗೆ ಮೆಚ್ಚಿ ತಲೆದೂಗಿದ ಅತ್ತೆಗೆ ಕೊನೆಯ ಮಾತು ಅರ್ಥವಾಗುವಷ್ಟರಲ್ಲಿ ಶಾಯಿ ಒಣಗಿತ್ತು.

ತಲೆ ಒರೆಸಿಕೊಳ್ಳುತ್ತ ಬಂದ ಸೇತುರಾಮ ಸ್ಲೈಡು ನೋಡಿ ನಕ್ಕ. “ಹೆಂಗಸರ ತಮಾಷೆ ಸಾರ್. ತಿದ್ಬಿಡಿ.”

“ತಿದ್ದೋಣ, ಅದಕ್ಕೇನು.” ಗುರುಶಾಂತಪ್ಪ ಮೇಜಿನ ಮೇಲಿದ್ದ ಕಾತ್ಯಾಯಿನಿಯ ಮೈಕ್ರೋಸ್ಕೋಪನ್ನು ಅವನತ್ತ ತಿರುಗಿಸಿದರು. ಅದರಡಿಯ ಬದನೆ ಎಲೆಯ ಮೇಲೆ ಜೀವಂತ ನುಸಿಯೊಂದು ಓಡಾಡುತ್ತಿತ್ತು. “ಇದ್ಯಾವುದು ಮೇಷ್ಟ್ರೆ?”

“ಕೆಂಪಗಿದೆಯಲ್ಲ, ಎಲೆ ಹಾಳು ಮಾಡೋದೇ. ಔಷಧಿ ಹೊಡೆದ್ರಾಯ್ತು.”

“ನೀವೇನಂತೀರಮ್ಮ?”

“ಬೇಟೆನುಸಿ ಸಾರ್. ಆ ಕೆಂಪು ಅದರದ್ದಲ್ಲ, ಅದು ತಿಂದದ್ದರದು. ಓಡೋದು ನೋಡಿ. ರಸ ಹೀರೋ ಜಾತಿ ಹೀಗೆ ಮೈ ನೋಯಿಸ್ಕೊಳಲ್ಲ, ಕೂತಲ್ಲೇ ಹೀರ್ತಿರತ್ತೆ.”

ಗುರುಶಾಂತಪ್ಪ ಪೆನ್ನಿನ ಮುಚ್ಚಳ ಹಾಕಿ, ಸ್ಲೈಡುಗಳನ್ನು ಹಾಗೇ ಪೆಟ್ಟಿಗೆಗಿಟ್ಟುಕೊಂಡು ಹೊರಟರು.

“ನನ್ನ ಹೆಸರು ಹೇಳೋಕೆ ನಿನ್ನ ಬಾಯಿಗೇನಾಗಿತ್ತು?” ಸೇತುರಾಮ ಕಿರುಚಿದ.

“ನೀವು ನೂರು ವರ್ಷ ಬಾಳಲಿ ಅಂತ,” ಎಂದು ಕಾತ್ಯಾಯಿನಿ ಚಪ್ಪಲಿ ಮೆಟ್ಟಿಕೊಂಡು ಕತ್ರಿಗುಪ್ಪೆಯ ಕಡೆ ನಡೆದಳು.