ಕ್ಯಾಮಿಲಸನ ಬೇಸಿಗೆಗಳು

ನೀರಿನಲ್ಲಿ ನೆನೆದ ಬ್ರೆಡ್ಡಿನ ತುಂಡುಗಳನ್ನು ಸುಸನ್ ಎರಡೂ ಅಂಗೈಗಳ ನಡುವೆ ಹಿಂಡಿ ಪಾತ್ರೆಗೆ ಹಾಕುತ್ತಿದ್ದಳು. ಎದುರು ಫ್ಲ್ಯಾಟಿನ ಬೀಫಾತಿಮ ಚಹಾದ ಫ್ಲಾಸ್ಕ್ ಹಿಡಿದು ಬಂದವಳು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಎಂತ ಮಾಡ್ತಾ ಇದ್ದೀರಿ ಸುಸನ್ ಬಾಯಿ? ಇನ್ನು ಸ್ವಲ್ಪ ಹೊತ್ತಿಗೆ ಇಗರ್ಜಿಗೆ ಹೊರಡ್ಲಿಕ್ಕುಂಟಲ್ಲ."

"ಅವರನ್ನು ಮಣ್ಣು ಮಾಡಿ ಜೆಬೆಲ್ ಅಲಿಯಿಂದ ಬರುವಾಗ ಮಧ್ಯಾಹ್ನ ಆಗ್ತದೆ ಅಕ್ಕ. ಈ ಜುಲೈ ಬಿಸಿಲಲ್ಲಿ ಬಂದವರಿಗೆ ಬಿಸಿ ಬಿಸಿ ಬಡಿಸ್ಲಿಕ್ಕಾಗ್ತದಾ? ಅವರು ಇದ್ದಿದ್ರೆ ಇದನ್ನೇ ಮಾಡ್ತಿದ್ರು."

"ಊಟ ನಾನು ನೋಡಿಕೊಳ್ತೇನೆ ಅಂತ ನಿನ್ನೆಯೇ ಹೇಳಿದ್ದೆ."

"ಗೊತ್ತುಂಟು. ಕೈಗೆ ಎಂತಾದ್ರೂ ಕೆಲಸ ಬೇಕು ನನಗೆ."

ಬೀಫಾತಿಮ ಫ್ಲಾಸ್ಕ್ ಕೆಳಗಿಟ್ಟು, ತೋಳು ಮಡಚಿ, ನೀರುಳ್ಳಿಯ ಬುಟ್ಟಿ ಹತ್ತಿರಕ್ಕೆಳೆದುಕೊಂಡಳು. ಸಿಪ್ಪೆ ಸುಲಿಯುತ್ತ ಕೇಳಿದಳು, "ಇದು ಯಾವ ಊರಿನ ಅಡುಗೆ?"

"ಇಟಲಿಯಲ್ಲಿ ತೋಸ್ಕಾನ ಅಂತ ಉಂಟಂತೆ, ಅಲ್ಲಿಯದ್ದು. ಬೇಸಿಗೆಯಲ್ಲಿ ಒಲೆ ಹಚ್ಚದೆ ಮಾಡುದು. ಹಳೇ ಬ್ರೆಡ್, ಟೊಮೆಟೊ, ಸೌತೆ, ನೀರುಳ್ಳಿ. ಮೇಲಿಂದ ವಿನೆಗರು, ಆಲಿವ್ ಎಣ್ಣೆ."

ಸುಸನ್ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು. ಆಮೇಲೆ ಉಪ್ಪಿನ ಡಬ್ಬಕ್ಕೆ ಕೈ ಹಾಕಿದಳು.

*

ಸುಸನಳ ಗಂಡ ಕ್ಯಾಮಿಲಸ್ ಉಡುಪಿ ಕಡೆಯ ಶಿರ್ವದಿಂದ ದುಬೈಗೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ದೇರಾದ ಒಂದು ಹೋಟೆಲಿನ ಇಟಾಲಿಯನ್ ರೆಸ್ಟೊರೆಂಟಿನಲ್ಲಿ ತಣ್ಣನೆಯ ತಿನಿಸುಗಳ ವಿಭಾಗ ಅವನದು. ಬೇಸಿಗೆ ಬಂತೆಂದರೆ ಯುರೋಪಿನ ಗಿರಾಕಿಗಳೆಲ್ಲ ಊರಿಗೆ ಹೋಗಿ ಮೇಜುಗಳು ಖಾಲಿ ಹೊಡೆಯುತ್ತಿದ್ದವು. ಅಂಥ ಒಂದು ಮಧ್ಯಾಹ್ನ ಅವನು ನೇಪಲ್ಸ್ ಕಡೆಯ ಮುಖ್ಯ ಶೆಫ್‌ನನ್ನು ಕೇಳಿದ: "ನಿಮ್ಮ ಊರಲ್ಲಿ ಸೆಕೆ ಆದಾಗ ಮನೆಯಲ್ಲಿ ಏನು ತಿಂತೀರಿ?"

ಆ ಶೆಫ್ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಸಂಜೆಯವರೆಗೆ ಮಾತಾಡಿದ. ಮುಂದಿನ ವಾರದಿಂದ ಬೇಸಿಗೆಯ ಮೆನು ಶುರುವಾಯಿತು. ಸಿಸಿಲಿಯಲ್ಲಿ ಬೆಳಗ್ಗಿನ ತಿಂಡಿಗೆ ಮೆತ್ತನೆಯ ಬನ್ನಿನ ಜೊತೆ ತಿನ್ನುವ ಗ್ರನೀಟಾ, ಅಂದರೆ ಲಿಂಬೆರಸವನ್ನೋ ಬಾದಾಮಿ ಹಾಲನ್ನೋ ಹೆಪ್ಪುಗಟ್ಟಿಸಿ ಕೆರೆದು ಮಾಡುವ ಐಸು. ಪಿಯೆಮೊಂತೆಯ ಕಡೆಯ, ಮೀನಿನ ಸಾಸ್ ಹರಡಿದ ತಣ್ಣನೆಯ ಮಾಂಸ. ದಕ್ಷಿಣದ ಲೆಚ್ಚೆ ಊರಿನ, ಐಸಿನ ಮೇಲೆ ಬಾದಾಮಿ ಹಾಲು ಸುರಿದ ಕಾಫಿ. ಶೆಫ್‌ಗಳು ಬದಲಾಗುತ್ತಿದ್ದರು. ಬಂದ ಪ್ರತಿಯೊಬ್ಬರನ್ನೂ ಕ್ಯಾಮಿಲಸ್ ಅದೇ ಪ್ರಶ್ನೆ ಕೇಳಿ ಹೊಸದೊಂದನ್ನು ಕಲಿಯುತ್ತಿದ್ದ. ಇಟಲಿಯನ್ನು ಅವನು ಕೊನೆಗೂ ನೋಡಲಿಲ್ಲ. ಆದರೆ ಆಗಸ್ಟಿನಲ್ಲೂ ಮೇಜುಗಳು ತುಂಬತೊಡಗಿದವು.

ತೊಂಬತ್ತೊಂಬತ್ತರಲ್ಲಿ ರಜೆಗೆ ಊರಿಗೆ ಹೋದಾಗ ಅವನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಮಂಗಳೂರಿನಲ್ಲಿ ರೇಡಿಯೇಶನ್ ಕೊಟ್ಟರು. ಗಡ್ಡೆ ಹೋಯಿತು, ಜೊತೆಗೆ ನಾಲಿಗೆಯ ರುಚಿಯೂ ಹೋಯಿತು. ದುಬೈಗೆ ಮರಳಿದ ದಿನ ಅವನು ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿ ನೋಡಿದ.

"ಎರಡೂ ಮರಳು, ಸುಸನ್. ಯಾರಿಗೂ ಹೇಳ್ಬೇಡ. ರುಚಿ ಗೊತ್ತಾಗದ ಅಡುಗೆಯವನನ್ನು ಯಾರು ಇಟ್ಟುಕೊಳ್ತಾರೆ?"

ಅಂದಿನಿಂದ ಎರಡು ಪಾಳಿಗಳ ನಡುವಿನ ಬಿಡುವಿನಲ್ಲಿ ಅವನು ಮನೆಗೆ ಬಂದು ಹೋಟೆಲಿನ ತಿನಿಸುಗಳನ್ನೇ ಮಾಡುತ್ತಿದ್ದ, ಅವಳು ತಿಂದು ಹೇಳುತ್ತಿದ್ದಳು. ಸರಿ ಬಂದ ಅಳತೆಯನ್ನು ಅವನು ಹೋಟೆಲಿಗೆ ಒಯ್ಯುತ್ತಿದ್ದ.

"ಉಪ್ಪು?"

"ಸರಿ ಉಂಟು."

"ಹಾಗೆ ಹೇಳಿದ್ರೆ ಆಗ್ಲಿಲ್ಲ. ಉಪ್ಪು ಮೊದಲು ಬರ್ತದಾ, ಹುಳಿ ಮೊದಲು ಬರ್ತದಾ?"

ಮೀನು ಸಾರಿನ ಹುಳಿಯನ್ನು ಬಿಟ್ಟರೆ ರುಚಿಯ ಬಗ್ಗೆ ಎಂದೂ ಯೋಚಿಸದಿದ್ದ ಸುಸನ್ ನಿಧಾನವಾಗಿ ಕಲಿತಳು. ಅವನಿಗೆ ಮೂಗು ಇತ್ತು, ಕೈ ಇತ್ತು. ಗ್ರನೀಟಾದ ಐಸನ್ನು ಮೊದಲಿಗಿಂತಲೂ ನವಿರಾಗಿ ಕೆರೆಯತೊಡಗಿದ. ಒಂದು ಬೇಸಿಗೆಯಲ್ಲಿ ಅದನ್ನು ತಿಂದ ಸಿಸಿಲಿಯ ಮುದುಕಿಯೊಬ್ಬಳು ಅವನನ್ನು ಹೊರಗೆ ಕರೆಸಿ, ಕೈ ಹಿಡಿದುಕೊಂಡು ಅತ್ತಳಂತೆ. ಮನೆಗೆ ಬಂದವನು ಶೂ ಬಿಚ್ಚುವ ಮೊದಲೇ ಕೇಳಿದ: "ಅದು ಹೇಗಿರ್ತದೆ ಸುಸನ್? ನನಗೆ ಗೊತ್ತಾಗುವ ಹಾಗೆ ಹೇಳು."

ಅವಳು ಫ್ರೀಜರಿನಿಂದ ಗ್ರನೀಟಾ ತೆಗೆದು ಒಂದು ಚಮಚ ಬಾಯಿಗೆ ಹಾಕಿಕೊಂಡಳು. "ಮೊದಲು ಎಳೆ ಬಿಂಬುಳಿ ಕಾಯಿ ಕಚ್ಚಿದ ಹಾಗೆ ಹುಳಿ. ಹಲ್ಲು ಜುಮ್ ಅಂತದೆ. ಮತ್ತೆ ಸಿಹಿ ಬರ್ತದೆ, ಕೂಗುವ ಮಗುವನ್ನು ಎತ್ತಿಕೊಂಡ ಹಾಗೆ."

"ಹಾಗಾದ್ರೆ ಸರಿ ಉಂಟು," ಎಂದು ಅವನು ಒಂದು ಲೋಟ ತುಂಬ ಹಾಕಿಸಿಕೊಂಡು ಪೂರ್ತಿ ತಿಂದ.

*

ಜೆಬೆಲ್ ಅಲಿಯ ಸ್ಮಶಾನದಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹೋಟೆಲಿನ ವ್ಯಾನು ಬಂದು ನಿಂತಿತು. ಬೆಳಗಿನ ಪಾಳಿಯವರು ಬಟ್ಟೆ ಬದಲಿಸಲೂ ಪುರುಸೊತ್ತಿಲ್ಲದೆ ಬಿಳಿ ಕೋಟುಗಳಲ್ಲೇ ಇಳಿದರು. ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಕೊನೆಗೆ ಬಂದವನು ಆಗಸ್ಟಿನ್. ಕ್ಯಾಮಿಲಸನ ಪಕ್ಕದಲ್ಲೇ ನಿಂತು ವರ್ಷಗಟ್ಟಲೆ ಕೆಲಸ ಮಾಡಿದವನು. ಮಗಳು ಶೆರಿಲ್ ತಾಯಿಗೆ ಕೊಡೆ ಹಿಡಿದಿದ್ದಳು.

"ಬಾಯಿ, ಒಂದು ವಿಷಯ ಹೇಳ್ಬೇಕು," ಎಂದ ಆಗಸ್ಟಿನ್. "ಕ್ಯಾಮಿಲಸ್ ಮಾಮ್‌ಗೆ ರುಚಿ ಗೊತ್ತಾಗ್ತಿರ್ಲಿಲ್ಲ. ನಮಗೆಲ್ಲ ಗೊತ್ತಿತ್ತು."

ಸುಸನ್ ಅವನನ್ನೇ ನೋಡಿದಳು. "ಯಾವಾಗಿಂದ?"

"ಊರಿಂದ ಬಂದ ವಾರದಿಂದ. ಟೊಮೆಟೊಗೆ ಎರಡು ಸಲ ಉಪ್ಪು ಹಾಕಿದ್ರು. ತಿಂದು ನೋಡಿ, ಒಳ್ಳೇದುಂಟು, ಕಳಿಸು ಅಂದ್ರು. ನಾನು ಕಳಿಸ್ಲಿಲ್ಲ. ಆಮೇಲೆ ನಾವೆಲ್ಲ ಮಾತಾಡಿಕೊಂಡೆವು. ಅವರು ಆಚೆ ತಿರುಗಿದಾಗ ಒಬ್ಬರು ರುಚಿ ನೋಡುದು, ಮೇಲಿನವರಿಗೆ ಯಾರೂ ಹೇಳುದಿಲ್ಲ ಅಂತ. ಕಳಿಸ್ಬಾರದ್ದು ಹೆಚ್ಚೇನೂ ಇರ್ತಿರ್ಲಿಲ್ಲ. ಅಷ್ಟು ಸರಿಯಾಗಿ ಮಾಡ್ತಿದ್ರು. ಅದು ಹೇಗೆ ಅಂತಲೇ ನಮಗೆ ಅರ್ಥ ಆಗ್ತಿರ್ಲಿಲ್ಲ." ಅವನು ತಲೆ ತಗ್ಗಿಸಿದ. "ಅವರಿಗೆ ಗೊತ್ತಾದ್ರೆ ಬೇಜಾರಾದೀತು ಅಂತ ಹೆದರಿಕೆ ಇತ್ತು."

"ಅವರಿಗೆ ಗೊತ್ತಿತ್ತು, ಆಗಸ್ಟಿನ್."

ಅವನು ತಲೆ ಎತ್ತಿದ.

"ಫ್ರಿಜ್ಜಿನ ಸ್ಟೀಲ್ ಬಾಗಿಲಲ್ಲಿ ನೀನು ಕಾಣ್ತಿದ್ದಿಯಂತೆ. 'ನಾನು ತಿರುಗಿದ ಕೂಡ್ಲೇ ಆಗಸ್ಟಿನ್ ಚಮಚ ತೆಗೀತಾನೆ. ಪಾಪ, ಅವನಿಗೆ ಅವಸರ ಆಗ್ಬಾರ್ದು ಅಂತ ನಾನು ಸ್ವಲ್ಪ ಹೆಚ್ಚು ಹೊತ್ತೇ ತಿರುಗಿ ನಿಲ್ತೇನೆ' ಅಂತ ಹೇಳ್ತಿದ್ರು."

ಆಗಸ್ಟಿನ್ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ. ಅವನು ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ.

"ಮಮ್ಮಾ, ಯು ನೆವರ್ ಟೋಲ್ಡ್ ಮಿ," ಎಂದಳು ಶೆರಿಲ್.

"ಡ್ಯಾಡಿ ಹೇಳ್ಬೇಡ ಅಂದಿದ್ರು ಮಗಾ. ಇವತ್ತು ಆ ಗುಟ್ಟು ಖಲಾಸ್."

*

ಮನೆಯಲ್ಲಿ ಕೂರಲು ಜಾಗ ಸಾಲಲಿಲ್ಲ. ಹೋಟೆಲಿನವರು ತಟ್ಟೆ ಹಿಡಿದು ಹೊರಗೆ ಮೆಟ್ಟಿಲುಗಳ ಮೇಲೆ ಕೂತರು. ಬ್ರೆಡ್ಡು ಮುಗಿದ ಮೇಲೆ ಶೆರಿಲ್ ಸುಸನ್ ಕೆರೆದುಕೊಟ್ಟ ಲಿಂಬೆಯ ಗ್ರನೀಟಾದ ಲೋಟಗಳನ್ನು ಟ್ರೇಯಲ್ಲಿಟ್ಟು ಇಳಿದು ಬಂದಳು. "ದಾರಿ ಬಿಡಿ ಮಕ್ಳೇ," ಎನ್ನುತ್ತ ಬೀಫಾತಿಮ ಅವಳ ಹಿಂದೆ ಇನ್ನೊಂದು ಟ್ರೇ ತಂದಳು. ಚಮಚಗಳು ಗಾಜಿಗೆ ತಾಗುವ ಸದ್ದು ಮಾತ್ರ ಉಳಿಯಿತು.

ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು, ಒಮ್ಮೆ, ಮತ್ತೊಮ್ಮೆ. ಯಾರೂ ಏಳಲಿಲ್ಲ. ಪೇಶಾವರದ ಡ್ರೈವರು "ಯಲ್ಲಾ, ಯಲ್ಲಾ, ಸಂಜೆ ಪಾಳಿಗೆ ಹೊತ್ತಾಯ್ತು" ಎಂದು ಹಿಂದಿಯಲ್ಲಿ ಕೂಗುತ್ತ ಮೆಟ್ಟಿಲು ಹತ್ತಿ ಬಂದ. ತಿರುವಿನಲ್ಲಿ ನಿಂತು ತಲೆ ಎತ್ತಿ ನೋಡಿದ. ಮೇಲಿನ ಬಾಗಿಲ ತನಕ ಮೆಟ್ಟಿಲು ಮೆಟ್ಟಿಲಿಗೂ ಬಿಳಿ ಕೋಟುಗಳು, ತಗ್ಗಿಸಿದ ತಲೆಗಳು. ಕೆಳಗಿನ ಮೆಟ್ಟಿಲಲ್ಲಿದ್ದ ಆಗಸ್ಟಿನ್ ಗೋಡೆಗೆ ಒತ್ತಿಕೊಂಡು ಜಾಗ ಮಾಡಿಕೊಟ್ಟ. ಡ್ರೈವರು ವ್ಯಾನಿನ ಕೀಲಿಯನ್ನು ಜೇಬಿಗಿಳಿಸಿ, ಕೂತು, ಲೋಟಕ್ಕೆ ಎರಡೂ ಕೈ ಚಾಚಿದ.