ಇಳಿಜಾರಿನ ನಿಂಬೆಹಣ್ಣು

"ಇದೇನ್ ಮಾಡೀದಿ ಸತ್ಯಾ?"

ಚಂದ್ರಾಮನ ಕೈಯಲ್ಲಿದ್ದ ಹೊಸ ಬ್ರೇಕ್ ಶೂ ಮೇಲೆ ಅರಿಶಿನ ಕುಂಕುಮದ ಬೊಟ್ಟುಗಳಿದ್ದವು. ಮೂಗಿಗೆ ಕೊಬ್ಬರಿ ಎಣ್ಣೆಯ ವಾಸನೆ ಬಡಿಯಿತು. ಗಾಲಿಯೊಳಗಿನ ಡ್ರಮ್ಮನ್ನು ಒತ್ತಿ ಗಾಡಿ ನಿಲ್ಲಿಸಬೇಕಾದ ಒರಟು ಪಟ್ಟಿ ರಾತ್ರಿಯಿಡೀ ಎಣ್ಣೆ ಕುಡಿದು ಕಪ್ಪಾಗಿತ್ತು. ಎಂಟು ಶೂಗಳಲ್ಲಿ ಒಂದನ್ನೂ ಹೆಂಡತಿ ಬಿಟ್ಟಿರಲಿಲ್ಲ. ಯಾವ ಕೆಲಸವನ್ನೂ ಅರೆಬರೆ ಮಾಡಿ ಗೊತ್ತಿಲ್ಲದವಳು.

"ನಿನ್ನಿ ಅಮಾಸಿ ಇತ್ತಲ್ರಿ. ಪಾನಾ, ಜ್ಯಾಕ್ ಎಲ್ಲಾ ಸಾಮಾನಿಗೂ ಪೂಜಿ ಮಾಡ್ದೆ. ಇವು ಇಂಗ್ಲೆಂಡಿನಿಂದ ಬಂದಾವು, ಇವಕ್ಕ ಮಾಡ್ದಿದ್ರ ಹೆಂಗ? ಕುಂಕುಮ ನಿಲ್ಲಲಿ ಅಂತ ಒಂದೀಟ ಎಣ್ಣಿ ಹಚ್ಚೀನಿ."

"ಬ್ರೇಕಿಗೆ ಎಣ್ಣಿ ಹಚ್ಚಿದ್ರ ಗಾಡಿ ನಿಲ್ಲತೈತೇನ?"

ಸತ್ಯಮ್ಮನ ಮುಖ ಸಣ್ಣಗಾಯಿತು. ಚಂದ್ರಾಮನಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ನಾಚಿಕೆಯೂ ಬಂತು. ಪೊಟ್ಟಣ ಬಿಚ್ಚಿ ಪೂಜೆಯ ಹಲಗೆಯ ಪಕ್ಕ ಇಟ್ಟು ಊಟಕ್ಕೆ ಹೋದವನು ಅವನೇ.

ಡೊಂಬಿವಲಿಯಿಂದಾಚೆ ಶೀಳ್ ರಸ್ತೆಗೆ ಅಂಟಿಕೊಂಡ ಅವನ ಶೆಡ್ಡಿನಲ್ಲಿ ಆ ಕೆಂಪು ಕಾರು ನಾಲ್ಕು ತಿಂಗಳಿಂದ ಗಾಲಿಯಿಲ್ಲದೆ ನಿಂತಿತ್ತು. ಐವತ್ತೆಂಟರ ಇಸವಿಯದು, ಎರಡೇ ಸೀಟು, ಮೇಲೆ ಛಾವಣಿಯಿಲ್ಲ. ಮೈಸೂರಿನ ಸುಲೋಚನಾ, ನೆರೂಳದಲ್ಲಿರುವ ಬ್ಯಾಂಕ್ ಅಧಿಕಾರಿ, ಅದನ್ನು ಗುಜರಿಯಿಂದ ಎತ್ತಿ ತಂದಿದ್ದರು. ಕಳೆದ ವರ್ಷ ಬೇಲಾಪುರದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಗೋಡೆಗೆ ಗುದ್ದಿ ಅವರ ಎಡಗೈ ಮುರಿದಿತ್ತು. ಇನ್ನೊಮ್ಮೆ ಬ್ರೇಕ್ ಕೈಕೊಟ್ಟರೆ ಕಾರನ್ನು ಮತ್ತೆ ಗುಜರಿಗೇ ಹಾಕುವುದಾಗಿ ಮಗಳಿಗೆ ಮಾತು ಕೊಟ್ಟಿದ್ದರು.

ಪಕ್ಕದ ಲೇತ್ ಅಂಗಡಿಯ ಜಟ್ಟೆಪ್ಪ ಬಂದು ಶೂ ತಿರುಗಿಸಿ ನೋಡಿದ. "ಪೆಟ್ರೋಲ್‍ನ್ಯಾಗ ತೊಳದು ಪಾಲಿಶ್ ಪೇಪರ್ ಹೊಡಿ ಚಂದ್ರಾಮಣ್ಣ. ಹೊಸಾದರಂಗ ಕಾಣ್ತಾವ. ಯಾರಿಗೆ ಗೊತ್ತಾಗತೈತಿ?"

"ಕಾಣ್ತಾವ. ಡ್ರಮ್ ಕಾದ್ರ ಒಳಗಿನ ಎಣ್ಣಿ ಹೊರಗ ಬರ್ತೈತಿ. ಅವಾಗ ಅಕ್ಕಾರಿಗೆ ಗೊತ್ತಾಗತೈತಿ."

ಅಷ್ಟು ಹೇಳಿ ಅವನು ಸುಲೋಚನಾ ಅವರಿಗೆ ಫೋನ್ ಹಚ್ಚಿದ. ಆದದ್ದನ್ನೆಲ್ಲ ಹೇಳಿದ, ಹೆಂಡತಿಯ ಹೆಸರೊಂದನ್ನು ಬಿಟ್ಟು.

"ಪೂಜಿ ಮಾಡಿದ್ದು ಅವರಲ್ರಿ ಅಕ್ಕಾರ, ಮಾಡಿದಾಕಿ ನಾ," ಎಂದು ಸತ್ಯಮ್ಮ ಹಿಂದಿನಿಂದ ಕೂಗಿದಳು. "ಅವರನ್ನ ಬೈಬ್ಯಾಡ್ರಿ!"

ಅತ್ತ ಕಡೆಯಿಂದ ಸುಲೋಚನಾ ಕೇಳಿದರು. "ಬೇರೆ ತರಿಸಿದ್ರೆ ಇನ್ನೆರಡು ತಿಂಗಳು ಕಾಯ್ಬೇಕು. ಬೇರೆ ದಾರಿ ಇದೆಯಾ ಚಂದ್ರಾಮ ಅವರೇ?"

"ಈ ಲೈನರ್ ಪಟ್ಟಿ ಕಿತ್ತು ಹೊಸಾದು ಬಡೀತೀನ್ರಿ. ಕಲ್ಯಾಣದಾಗ ಚಲೋ ಮಾಲ್ ಸಿಗತೈತಿ."

"ಹಿಡಿಯುತ್ತಾ?"

"ಹಿಡಿಯೂತನಕ ನಾ ಬಿಡೂದಿಲ್ರಿ."

ಬಿಡಲಿಲ್ಲ. ಕಲ್ಯಾಣದಿಂದ ಲೈನರ್ ತಂದ, ತಾಮ್ರದ ರಿವೆಟ್ಟು ಬಡಿದ. ಡ್ರಮ್ಮಿನೊಳಗೆ ಸೀಮೆಸುಣ್ಣ ಬಳಿದು ಶೂ ಒತ್ತಿ ತಿರುಗಿಸಿದರೆ ಉಬ್ಬಿದ ಕಡೆಗಳಲ್ಲಷ್ಟೇ ಬಿಳಿ ಹತ್ತುತ್ತದೆ; ಅಲ್ಲಿ ಅರ ಹಾಕಿ ಉಜ್ಜಬೇಕು, ಮತ್ತೆ ಬಳಿಯಬೇಕು. ಮೈತುಂಬ ಬಿಳಿಯಾಗುವವರೆಗೆ ಒಂದೊಂದು ಶೂ ಅರ್ಧ ದಿನ ತಿಂದಿತು. ಪಾಲಿಶ್ ಸಾಕು ಎಂದಿದ್ದ ಜಟ್ಟೆಪ್ಪನೂ ಮೂರನೆಯ ದಿನ ಅರ ಹಿಡಿದು ಕೂತ. ಕೊನೆಗೆ ಬ್ರೇಕ್ ಪೈಪಿನ ಗಾಳಿ ತೆಗೆಯಲು ಪೆಡಲ್ ಒತ್ತುವವರು ಬೇಕಾದಾಗ ಸತ್ಯಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಹತ್ತಿ ಕುಳಿತಳು.

"ತುಳಿ. ಹಿಡಿ. ಬಿಡು," ಎಂದು ಅವನು ಕಾರಿನ ಕೆಳಗಿಂದ ಹೇಳುತ್ತ ಹೋದ. ಪೈಪಿನ ತುದಿ ಇಳಿಬಿಟ್ಟ ಬಾಟಲಿಯಲ್ಲಿ ಗುಳ್ಳೆ ಏಳುವುದು ನಿಂತ ಮೇಲೂ ಅವಳು ಹತ್ತು ಸಲ ಹೆಚ್ಚಿಗೆ ತುಳಿದಳು.

ಭಾನುವಾರ ಬೆಳಿಗ್ಗೆ ಸುಲೋಚನಾ ಬಂದರು. ಮಗಳು ಬಂದಿರಲಿಲ್ಲ. ಶೆಡ್ಡಿನ ಮುಂದಿನ ಕಾಂಕ್ರೀಟ್ ಇಳಿಜಾರಿನ ಬುಡದಲ್ಲಿ ನಾಲೆ ಇದೆ. ಹೊಸ ಗಾಡಿ ಹೊರಡುವಾಗ ಗಾಲಿಯಡಿ ನಿಂಬೆಹಣ್ಣಿಟ್ಟು ಒಡೆಸುವುದು ವಾಡಿಕೆ. ಸತ್ಯಮ್ಮ ಈ ಸಲ ಅದನ್ನು ಇಳಿಜಾರಿನ ಬುಡದಲ್ಲಿ, ನಾಲೆಗೆ ಎರಡು ಮಾರು ಈಚೆ, ಉರುಳದ ಹಾಗೆ ಕಲ್ಲು ಒತ್ತಿಟ್ಟು ಬಂದಳು.

"ಇದು ಒಡೀಬಾರದ್ರಿ ಅಕ್ಕಾರ, ಗಾಡಿ ಇದರ ಈಚಿಗೇ ನಿಲ್ಲಬೇಕ," ಎಂದು ಹೇಳಿ, ಯಾರನ್ನೂ ಕೇಳದೆ ಪಕ್ಕದ ಸೀಟಿನಲ್ಲಿ ಕೂತಳು.

"ಸತ್ಯಾ, ಇಳಿ. ನಾ ಕೂಡ್ತೀನಿ."

"ಎಣ್ಣಿ ಹಚ್ಚಿದಾಕಿ ನಾ. ನಾನ ಕೂಡಾಕಿ."

ಸುಲೋಚನಾ ಅವಳನ್ನೊಮ್ಮೆ ನೋಡಿದರು, ಮುರಿದು ಕೂಡಿದ್ದ ಎಡಗೈಯನ್ನು ಸ್ಟಿಯರಿಂಗ್ ಮೇಲಿಟ್ಟು ಗಾಡಿ ಬಿಟ್ಟರು. ಕೆಂಪು ಕಾರು ಇಳಿಜಾರಿನಲ್ಲಿ ಧಡಧಡ ಇಳಿಯಿತು. ಸುಲೋಚನಾ ಕಾಲೂರಿದರು. ನಾಲ್ಕೂ ಗಾಲಿ ಒಟ್ಟಿಗೇ ಹಿಡಿದವು, ಮೂತಿ ತಗ್ಗಿತು, ಕಾರು ಅತ್ತಿತ್ತ ಎಳೆಯದೆ ನಿಂತಿತು. ಗಾಲಿಗೂ ನಿಂಬೆಹಣ್ಣಿಗೂ ನಡುವೆ ಒಂದು ಗೇಣು ಉಳಿದಿತ್ತು.

ಜಟ್ಟೆಪ್ಪ ಸಿಳ್ಳೆ ಹಾಕಿದ. ಸುಲೋಚನಾ ಕಣ್ಣೊರೆಸಿಕೊಂಡು ಮಗಳಿಗೆ ಹೇಳಲು ಫೋನ್ ತೆಗೆದರು.

"ತಡೀರಿ ಅಕ್ಕಾರ, ಇನ್ನೊಮ್ಮಿ ಮ್ಯಾಲಿಂದ ಬಿಡ್ರಿ. ಈ ಸಲ ಇನ್ನೂ ಮೊದಲ ನಿಲ್ಲಬೇಕ," ಎಂದಳು ಸತ್ಯಮ್ಮ. ಕೆಳಗಿಳಿದು ನಿಂಬೆಹಣ್ಣನ್ನು ಎತ್ತಿಕೊಂಡು ಇಳಿಜಾರನ್ನು ಹತ್ತು ಹೆಜ್ಜೆ ಹತ್ತಿದಳು. ಅಲ್ಲಿ ಅದನ್ನು ಇಟ್ಟು, ಉರುಳದ ಹಾಗೆ ಎರಡು ಕಲ್ಲು ಒತ್ತಿದಳು. ಆಮೇಲೆ ವಾಪಸ್ಸು ಬಂದು ತನ್ನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.